ನಮ್ಮ ಕಡೆ ಯಾವಾಗ ಬರಬೇಕು? ಮಹಾಪೂರ ನೋಡಾಕಂತೂ ಬ್ಯಾಡ್ರಿ

1/9
ಚಿತ್ರ: ಯಡೂರ ಹತ್ತಿರ ಕೃಷ್ಣಾ ಹೊಳಿ ದಂಡಿ. ಜನವರಿ, ಬೆಳಿಗ್ಗೆ ಏಳರ ಸುಮಾರು. ಫಿಲ್ಟರ್ ಹಾಕಿಲ್ಲ, ಮಂಜು ಹೊಳಿದ ಐತಿ.

ಪುಣೆಯಲ್ಲಿ ಕೆಲಸ ಮಾಡುವ ನನ್ನ ಒಬ್ಬ ದೋಸ್ತ ಜಪಾನಿಗೆ ಹೊಂಟಾನ. ಕ್ಯೋಟೊ ಅನ್ನೋ ಊರಿಗೆ. ಯಾವಾಗ ಹೋದ್ರ ಚಲೋ ಅಂತ ಮೊಬೈಲ್‌ನಾಗ ಕೇಳಿದ, ಅರ್ಧ ನಿಮಿಷದಾಗ ಉತ್ತರ ಬಂತು. ಚೆರ್ರಿ ಹೂವು ಬೇಕಂದ್ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರ, ಕೆಂಪು ಎಲೆ ಬೇಕಂದ್ರ ನವೆಂಬರ್ ಎರಡನೇ ಅರ್ಧ, ಜೂನ್ ಜುಲೈ ಜಿಟಿಜಿಟಿ ಮಳಿ, ಆಗಸ್ಟ್‌ನಾಗ ಬೆವರು. ಆ ಊರಾಗ ಚೆರ್ರಿ ಹೂ ಯಾವ ದಿನ ಪೂರ್ತಿ ಅರಳಿತು ಅನ್ನೋ ಲೆಕ್ಕ ಒಂಬತ್ತನೇ ಶತಮಾನದಿಂದ ಸಿಗತೈತಿ. ಹಳೇ ದಿನಚರಿಗಳಿಂದ ಹೆಕ್ಕಿ ಹೆಕ್ಕಿ ತೆಗೆದ ಲೆಕ್ಕ ಅದು. 2021ರಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿದಾಗ, 1200 ವರ್ಷದಾಗ ಇಷ್ಟು ಲಗೂ ಅರಳಿರಲಿಲ್ಲ ಅಂತ ಜಗತ್ತೆಲ್ಲ ಸುದ್ದಿ ಆಯ್ತು.

ನಾನು ಸುಮ್ಮನೆ ಅಂದೆ, ‘ಹಂಗಾರ ನಮ್ಮ ಅಥಣಿಗೆ, ಚಿಕ್ಕೋಡಿಗೆ ಯಾವಾಗ ಬರಬೇಕು ಅಂತ ಅದಕ್ಕ ಕೇಳಪಾ.’ ಕೇಳಿದ. ‘ಅಕ್ಟೋಬರ್‌ನಿಂದ ಮಾರ್ಚ್, ಹವಾಮಾನ ಆಹ್ಲಾದಕರ’ ಅಂತ ಬಂತು. ಇದು ಬೀದರಕ್ಕೂ ಸೈ, ಭೋಪಾಲಕ್ಕೂ ಸೈ. ನಮ್ಮ ಊರ ಹೆಸರು ತಗದು ಬ್ಯಾರೆ ಯಾವ ಊರ ಹೆಸರು ಹಾಕಿದ್ರೂ ನಡಿತೈತಿ.

ಅದಕ್ಕ ನಾನs ಬರಿಯಾಕ ಕೂತೆ. ಇನ್ನೊಂದು ಕಾರಣಾನೂ ಐತಿ. ಹೋದ ಮಳೆಗಾಲದಾಗ ನನ್ನ ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಬಂದಿತ್ತು. ‘ಬ್ರೋ, ನಿಮ್ಮ ಕಡೆ ಫ್ಲಡ್ ನೋಡೋಕೆ ಕರೆಕ್ಟ್ ಟೈಮ್ ಯಾವುದು?’ ಕೇಳಿದವರು ಕೆಟ್ಟವರಲ್ಲ. ಆದರ ಆ ಪ್ರಶ್ನೆ ನನ್ನ ಹೊಟ್ಟ್ಯಾಗ ಕೂತು ಬಿಟ್ಟೈತಿ.

2/9
ಮೊದಲು ಒಂದು ಮಾತು ತಿಳ್ಕೋರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂತ ಒಂದೇ ಉಸಿರಿನಾಗ ಹೇಳ್ತೇವಿ, ಖರೆ. ಆದರೆ ಈ ಐದೂ ತಾಲೂಕಿಗೆ ಒಂದೇ ಹವಾ ಇಲ್ಲ. (ನಿಪ್ಪಾಣಿ ಮೊನ್ನೆ ಮೊನ್ನೆ ತನಕ ಚಿಕ್ಕೋಡಿಯೊಳಗ ಇತ್ತು, ಕಾಗವಾಡ ಅಥಣಿಯೊಳಗ. ನಮ್ಮ ಆಯಿಗೆ ಈಗಲೂ ಮೂರೇ ತಾಲೂಕು.)

ನಿಪ್ಪಾಣಿ ಸಹ್ಯಾದ್ರಿಯ ಸೆರಗಿನ ಊರು. ಅಲ್ಲಿಂದ ಆಜರಾ ದಾಟಿ ಅಂಬೋಲಿಗೆ ಹೋದರೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಅದೇ ಮೋಡ ಘಟ್ಟ ಇಳಿದು ಪೂರ್ವಕ್ಕೆ ಬರ್ತಾ ಬರ್ತಾ ಹಗುರಾಗಿ, ನಿಪ್ಪಾಣಿಗೆ ಒಂದಿಷ್ಟು ಕೊಟ್ಟು, ಚಿಕ್ಕೋಡಿಗೆ ಅದಕ್ಕಿಂತ ಕಡಿಮೆ ಕೊಟ್ಟು, ಅಥಣಿಗೆ ಬರೋ ಹೊತ್ತಿಗೆ ಬರೇ ನೆರಳು ಆಗಿರತೈತಿ. ಅಂಬೋಲಿಯ ಹತ್ತನೇ ಒಂದು ಪಾಲೂ ಅಥಣಿಗೆ ಬೀಳೋದಿಲ್ಲ. ನಿಪ್ಪಾಣಿಯಿಂದ ಅಥಣಿಗೆ ಗಾಡಿ ಮೇಲೆ ಎರಡು, ಎರಡೂವರೆ ತಾಸು. ಜುಲೈದಾಗ ಹೊಂಟ್ರ ಅಲ್ಲಿ ರೇನ್‌ಕೋಟ್ ಹಾಕ್ಕೊಂಡು ಬಿಟ್ಟು ಇಲ್ಲಿ ಧೂಳು ಝಾಡಿಸಿಕೊಂಡು ಇಳೀಬೇಕು. ಉತ್ತರಕ್ಕೆ ತೆಲಸಂಗ, ಅನಂತಪುರ, ಮದಭಾವಿ ಕಡೆ ಮುಂಗಾರಿ ನಂಬಿ ಕೂಡೋದs ಇಲ್ಲ. ಅವರ ಜೀವ ಇರೋದು ಹಿಂಗಾರಿಯೊಳಗ, ಉತ್ತರಿ, ಹಸ್ತ, ಚಿತ್ತಿ ಮಳಿಯೊಳಗ. ಆ ಮಳಿ ಬಿದ್ರ ಬಿಳಿಜೋಳ, ಇಲ್ಲಂದ್ರ ಟ್ಯಾಂಕರ್.

ಅಂದಮೇಲೆ ‘ನಿಮ್ಮ ಕಡೆ ಮಳೆಗಾಲ ಹೆಂಗ?’ ಅಂತ ಯಾರಾದ್ರೂ ಕೇಳಿದ್ರ ನಾನು ತಿರುಗಿ ಕೇಳೋದು ಒಂದೇ: ಯಾವ ಕಡೆ? ಹೊಳಿಯ ಈಚಿಗೋ, ಆಚಿಗೋ?

3/9
ಚಿತ್ರ: ಸೇತುವೆಗೆ ಅಡ್ಡ ಹಾಕಿದ ಬ್ಯಾರಿಕೇಡ್. ಸೇತುವೆ ಕಾಣೋದಿಲ್ಲ. ಅದರ ಮೇಲೆ ನೀರು ಐತಿ.

ನಮ್ಮ ಕಡೆ ಹೊಳಿ ಏರಾಕ ನಮ್ಮ ಕಡೆ ಮಳಿ ಆಗಬೇಕಂತ ಇಲ್ಲ. ಇದನ್ನ ಹೊರಗಿನವರಿಗೆ ತಿಳಿಸೋದು ಬಾಳ ಕಷ್ಟ. ಮಹಾಬಳೇಶ್ವರದಾಗ ಮಳಿ, ಕೊಯ್ನಾದಾಗ ಮಳಿ, ರಾಧಾನಗರಿಯಾಗ ಮಳಿ. ಕೊಯ್ನಾ ಜಲಾಶಯ 105 ಟಿಎಂಸಿಯದು. ಅದು ತುಂಬತಾ ಬಂದು ಗೇಟ್ ತೆರೆದ್ರ, ಪಂಚಗಂಗಾ ವಾರಣಾ ಎಲ್ಲ ಸೇರ್ಕೊಂಡು ರಾಜಾಪುರ ಬ್ಯಾರೇಜ್ ದಾಟಿ ನೀರು ನಮ್ಮ ಕಡೆ ಬರತೈತಿ. ಇತ್ತ ವೇದಗಂಗಾ ಭೋಜದ ಹತ್ತಿರ ದೂಧಗಂಗಾಕ್ಕ ಸೇರತಾಳ, ದೂಧಗಂಗಾ ಮುಂದ ಬಂದು ಕೃಷ್ಣಾಕ್ಕ ಸೇರತಾಳ. ಇಲ್ಲಿ ಆಕಾಶ ತಿಳಿ ಇರತೈತಿ, ಬಿಸಿಲು ಬಿದ್ದಿರತೈತಿ, ಅಂಗಳದಾಗ ಹಪ್ಪಳ ಒಣಗ್ತಿರತಾವ. ಹೊಳಿ ಮಾತ್ರ ತಾಸಿಗೊಮ್ಮೆ ಒಂದೊಂದು ಮೆಟ್ಟಿಲು ಏರ್ತಾ ಇರತೈತಿ.

ಆಗ ಮೊದಲು ಮುಳುಗೋದು ಕೆಳಮಟ್ಟದ ಸೇತುವೆಗಳು. ಕಲ್ಲೋಳ–ಯಡೂರ. ಮಲಿಕವಾಡ–ದತ್ತವಾಡ. ಕಾರದಗಾ–ಭೋಜ. ಸಿದ್ನಾಳ–ಅಕ್ಕೋಳ. ಜತ್ರಾಟ–ಭೀವಶಿ. ಪೇಪರ್‌ನಾಗ ಪ್ರತಿ ಜುಲೈ ಈ ಹೆಸರುಗಳು ಪಂಚಾಂಗದ ನಕ್ಷತ್ರದಂಗ ಸಾಲಾಗಿ ಬರ್ತಾವ. ಓದೋವ್ರಿಗೆ ಅದು ‘ಸೇತುವೆಗಳು ಜಲಾವೃತ’ ಅನ್ನೋ ಒಂದು ಸಾಲು. ನಮಗೆ ಅಂದ್ರ ಡೈರಿಗೆ ಹಾಲು ಹಾಕಾಕ ಐದು ಕಿಲೋಮೀಟರ್ ಬದಲಿ ಇಪ್ಪತ್ತೈದು ಕಿಲೋಮೀಟರ್ ಸುತ್ತು. ಹುಡುಗರ ಸಾಲಿ ಬಂದ್. ಬಸರಿ ಹೆಂಗಸು ಇದ್ದ ಮನಿಯವರು ಮೊದಲೇ ಆಕಿನ್ನ ಆಚಿ ದಂಡಿ ತವರಿಗೋ, ಬೀಗರ ಮನಿಗೋ ಕಳಿಸಿಬಿಡ್ತಾರ. ಇನ್ನೂ ಏರಿದ್ರ ಕುಡಚಿ–ಉಗಾರ ನಡುವಿನ ದಾರಿ ಬಂದ್, ಜಮಖಂಡಿ–ಮೀರಜ ಓಡಾಟ ತಪ್ಪಿತು.

2005 ನೆನಪಿದ್ದವರು ಅದೇ ಕೊನೇದು ಅಂದುಕೊಂಡಿದ್ರು. 2019ರ ಆಗಸ್ಟ್ ಬಂತು. 2021ರ ಜುಲೈ ಬಂತು. ಆಲಮಟ್ಟಿ ಹಿನ್ನೀರು ಕಾರಣೋ ಅಲ್ಲೋ ಅನ್ನೋ ಜಗಳ ಎರಡು ರಾಜ್ಯದ್ದು. ಅದನ್ನ ಇಲ್ಲಿ ತೆಗೆಯೋದು ಬ್ಯಾಡ, ಕಮೆಂಟ್‌ನಾಗ ಹೊಡದಾಡಾಕ ಹೋಗಬ್ಯಾಡ್ರಿ.

ಈ ದಿನಗಳಲ್ಲೇ ಗಾಡಿಗಟ್ಟಲೆ ಹುಡುಗರು ಬರ್ತಾರ. ಡ್ರೋನ್ ತರ್ತಾರ. ಬ್ಯಾರಿಕೇಡ್ ದಾಟಿ ಮೊಣಕಾಲು ನೀರಾಗ ನಿಂತು ರೀಲ್ ಮಾಡ್ತಾರ. ಪೊಲೀಸರು ಸೀಟಿ ಊದಿ ಊದಿ ದಣಿತಾರ. ಆ ಪೊಲೀಸರು ಅಲ್ಲಿ ನಿಲ್ಲೋ ಬದಲಿ ಯಾವುದೋ ತೋಟದ ಮನಿಯಾಗ ಸಿಕ್ಕಿಕೊಂಡ ಮುದುಕರನ್ನ ಹೊರಗ ತರಬಹುದಿತ್ತು.

4/9
ಈಗ ನನ್ನ ತಪ್ಪು ಹೇಳ್ತೀನಿ.

2019ರ ಆಗಸ್ಟ್‌ನಾಗ ನಮ್ಮ ಮಾವನ ಊರು ನೀರಾಗ ಹೋಯ್ತು. ಹೊಳಿ ದಂಡಿ ಊರು, ಹೆಸರು ಬ್ಯಾಡ. ಮಾವ, ಅತ್ತಿ, ಎರಡು ಎಮ್ಮಿ, ಒಂದು ಕರ ಎಲ್ಲ ಗುಡ್ಡದ ಮ್ಯಾಲಿನ ಸಾಲಿಗೆ ಬಂದ್ರು, ಕಾಳಜಿ ಕೇಂದ್ರಕ್ಕ. ನಾನು ನೋಡಾಕ ಹೋದವ ದಾರಿಯೊಳಗ ಎತ್ತರದ ಜಾಗ ಒಂದರಿಂದ ಫೋಟೋ ತಗದೆ. ನೀರಿನ ನಡುವ ಅವರ ಮನಿಯ ಮಂಗಳೂರು ಹೆಂಚಿನ ಮ್ಯಾಲ್ಛಾವಣಿ, ಅದರ ಮ್ಯಾಲ ಒಂದು ಬೆಳ್ಳಕ್ಕಿ, ಹಿಂದ ಸಂಜಿ ಬಣ್ಣ. ಫೋಟೋ ಖರೇನs ಚಂದ ಬಂದಿತ್ತು. ಹಾಕಿದೆ. ‘ಕೃಷ್ಣೆಯ ರೌದ್ರ ಸೌಂದರ್ಯ’ ಅಂತ ಕ್ಯಾಪ್ಷನ್ ಬರೆದೆ. ಇವತ್ತಿನ ತನಕ ನನ್ನ ಯಾವ ಫೋಟೋಕ್ಕೂ ಅಷ್ಟು ಲೈಕ್ ಬಂದಿಲ್ಲ.

ದೀಪಾವಳಿಗೆ ಅತ್ತಿ ನಮ್ಮ ಮನಿಗೆ ಬಂದಿದ್ಳು. ನನ್ನ ತಂಗಿ ಫೋನಿನಾಗ ಅದನ್ನ ಅಕಿಗೆ ತೋರಿಸಿದ್ಳು. ಅತ್ತಿ ಭಾಳ ಹೊತ್ತು ನೋಡಿದ್ಳು. ಬೆರಳಿಂದ ದೊಡ್ಡದು ಮಾಡಿ ನೋಡಿದ್ಳು. ಆಮ್ಯಾಲ ಕೇಳಿದ್ಳು, ‘ನಮ್ಮ ಮನಿ ಚಂದ ಕಾಣ್ತಿತ್ತೇನೋ ತಮ್ಮಾ?’

ಬೈದಿಲ್ಲ. ಸಿಟ್ಟೂ ಮಾಡಿಲ್ಲ. ಖರೇನs ಕೇಳಿದ್ಳು, ಯಾಕಂದ್ರ ಅಕಿ ಅದನ್ನ ಆ ಕಡೆಯಿಂದ ನೋಡಿರಲೇ ಇಲ್ಲ. ಅಕಿ ನೋಡಿದ್ದು ಎಮ್ಮಿ ಹಗ್ಗ ಬಿಚ್ಚೋವಾಗ ಮೊಣಕಾಲಿಗೆ ಬಂದ ನೀರು. ನೀರು ಇಳಿದ ಮ್ಯಾಲ ಅಡಗಿಮನಿಯಾಗ ಒಂದು ಮೊಳ ರಾಡಿ. ಜೋಳದ ಚೀಲ ಮೊಳಕಿ ಒಡದಿದ್ದು. ಗ್ವಾಡಿ ಮ್ಯಾಲ ನೀರಿನ ಗೆರಿ. ಆ ಗೆರಿ ಮ್ಯಾಲ ಈಗ ಮೂರು ಸಲ ಸುಣ್ಣ ಬಿದ್ದೈತಿ, ಆದ್ರೂ ಮಳಿಗಾಲದಾಗ ಥಂಡಿ ಹತ್ತಿದ ಕೂಡಲೇ ಮೆಲ್ಲಗ ಎದ್ದು ಬರತೈತಿ.

ಫೋಟೋ ಅಳಿಸಿದೆ. ಅಳಿಸಿದ್ದರಿಂದ ಏನೂ ಆಗಿಲ್ಲ, ಅದು ಅಷ್ಟರಾಗ ಹತ್ತಾರು ಪೇಜ್‌ನಾಗ ಓಡಾಡ್ತಿತ್ತು. ಈಗಲೂ ಪ್ರತಿ ಜುಲೈಯೊಳಗ ಯಾರೋ ಒಬ್ಬರು ‘ಮಾನ್ಸೂನ್ ವೈಬ್ಸ್’ ಅಂತ ಹಾಕ್ತಾರ.

5/9
ಇದನ್ನ ಓದಿ ಕೆಲವರು ಹೇಳ್ತಾರ ಅಂತ ಗೊತ್ತು: ‘ನೀವು ಪ್ರವಾಸೋದ್ಯಮಕ್ಕೆ ವಿರೋಧ ಮಾಡ್ತೀರಿ. ಜನ ಬಂದ್ರ ನಾಲ್ಕು ದುಡ್ಡು ಬರತೈತಿ.’ ಸುಳ್ಳಲ್ಲ. ಪೂರ ನೋಡಾಕ ಜನ ನೆರೆದ ಕಡೆ ಮಿರ್ಚಿ ಭಜಿ ಗಾಡಿ ಇಡೋ ನಮ್ಮ ಪರಿಚಯದ ಕಾಕಾ, ಆ ಹದಿನೈದು ದಿನದಾಗ ಗಳಿಸಿದ್ದು ಮುಂದ ಎರಡು ತಿಂಗಳು ಗಳಸೋದಿಲ್ಲ. ಅವರ ಹೊಟ್ಟಿ ಮ್ಯಾಲ ಹೊಡಿಯೋ ಮಾತು ನಾನು ಆಡೋದಿಲ್ಲ. ಆದ್ರ ಅದೇ ಕಾಕಾನ ಹೊಲಾನೂ ನೀರಾಗ ಇತ್ತು. ಭಜಿ ಕರಿಯೋದು ಬಿಟ್ಟು ಅವರಿಗೆ ಆ ಹದಿನೈದು ದಿನ ಬ್ಯಾರೆ ಕೆಲಸಾನೂ ಇರಲಿಲ್ಲ.

ಮಳಿ ನೋಡಲೇಬೇಕು ಅನ್ನೋ ಜೀವ ಇದ್ರ ನಿಪ್ಪಾಣಿ ಕಡೆ ಬರ್ರಿ, ಜೂನ್ ಕೊನೆಗೆ. ಮಿರಗ ಆಗಿ ಹದಿನೈದು ಇಪ್ಪತ್ತು ದಿನ ಆಗಿರಬೇಕು. ಸೋಯಾ, ಶೇಂಗಾ ಬಿತ್ತಿ ಎರಡೆಲೆ ಆಗಿರತಾವ. ತವಂದಿ ಘಾಟ್ ಹಸಿರಾಗಿರತೈತಿ, ಹೆದ್ದಾರಿ ಪಕ್ಕಕ್ಕೇ ಸ್ತವನಿಧಿ ಬಸದಿ ಐತಿ. ಹೊಳಿ ಆಗ ಬರೇ ಬಣ್ಣ ಬದಲಿಸಿರತೈತಿ, ಕೆಂಪಗ ಆಗಿರತೈತಿ, ಏರಿರೋದಿಲ್ಲ. ನೋಡ್ರಿ, ತಿರುಗ್ರಿ, ಮನಿಗೆ ಹೋಗ್ರಿ. ಜುಲೈ 15 ದಾಟಿದ ಮ್ಯಾಲ ಆಗಸ್ಟ್ ಕೊನೆತನಕ ಹೊಳಿ ದಂಡಿ ಊರಿಗೆ ಬೀಗರೂ ಬರೋದಿಲ್ಲ, ನೀವು ಯಾಕ ಬರ್ತೀರಿ?

ಮಳಿಗಾಲದಾಗ ಚಪ್ಪಲಿ ಕೊಳ್ಳಾಕ ಬರೋದೂ ಅಷ್ಟs. ಅಥಣಿ, ನಿಪ್ಪಾಣಿ, ಮದಭಾವಿ ಕಡೆ ಮಾಡೋ ಚಪ್ಪಲಿಗೆ ಪ್ಯಾಟಿಯೊಳಗ ‘ಕೊಲ್ಹಾಪುರಿ’ ಅಂತ ಹೆಸರು. 2019ರಲ್ಲಿ ಜಿಐ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಜೋಡಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಾನೂ ಪಟ್ಟಿಯೊಳಗ ಬಂದ್ವು. 2025ರ ಜೂನ್‌ನಾಗ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಾಗ ಅದೇ ನಮೂನಿ ಚಪ್ಪಲಿ ಇಟ್ಟು ಗದ್ದಲ ಆದಾಗ ಎಲ್ಲರೂ ಕೊಲ್ಹಾಪುರದ ಹೆಸರು ಹೇಳಿದ್ರು, ಅಥಣಿ ಹೆಸರು ಹೇಳಿದವರು ಕಡಿಮಿ. ಇರಲಿ. ಹೇಳಾಕ ಹೊಂಟಿದ್ದು ಇಷ್ಟು: ತೊಗಲು ಒಣಗಾಕ ಬಿಸಿಲು ಬೇಕು. ಮಳಿಗಾಲದಾಗ ಕೆಲಸ ನಿಧಾನ ಆಗತೈತಿ. ಆಗ ಕೊಂಡು ಆಗಲೇ ಹಾಕ್ಕೊಂಡು ರಾಡಿಯೊಳಗ ತಿರುಗಿ, ‘ಹದಿನೈದು ದಿನಕ್ಕ ಬಿಚ್ಚಿ ಹೋಯ್ತು’ ಅಂತ ಮಾಡಿದವರ ಹೆಸರು ಕೆಡಸಬ್ಯಾಡ್ರಿ. ದೀಪಾವಳಿ ಆದ ಮ್ಯಾಲ ಕೊಳ್ರಿ. ಮನಿಯೊಳಗ ಹೆಣಿಕಿ ಹೆಣಿಯೋ ಹೆಣ್ಣುಮಕ್ಕಳನ್ನ ನೋಡಿ, ಅವರ ಕೈಯಿಂದನs ಕೊಳ್ರಿ. ಚೌಕಾಸಿ ಮಾಡಬ್ಯಾಡ್ರಿ.

6/9
ನವೆಂಬರ್ ಬಗ್ಗೆ ಬೇಗ ಹೇಳಿ ಮುಗಸ್ತೀನಿ. ಹವಾ ಚಲೋ, ದಾರಿ ಕೆಟ್ಟ. ಕಾರ್ಖಾನಿ ಶುರು ಆಗಿರತಾವ. ಒಂದು ಟ್ರ್ಯಾಕ್ಟರ್, ಹಿಂದ ಎರಡು ಟ್ರೇಲರ್, ಮ್ಯಾಲ ಮನಿಯಷ್ಟು ಎತ್ತರ ಕಬ್ಬು, ಹಿಂದ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಮುಂದ ಮಾತ್ರ ಹಾಡು ಜೋರು. ರಾತ್ರಿ ಬೈಕ್ ಮ್ಯಾಲ ಬರಾಕ ಹೋಗಬ್ಯಾಡ್ರಿ. ನನ್ನ ಮಾತು ಇದೊಂದು ಕೇಳಿದ್ರೂ ಸಾಕು.

ಕಾರ್ಖಾನಿ ಶುರು ಆಗೋ ಮೊದಲು ದರದ ಹೋರಾಟ ಇರತೈತಿ, ಆಗ ದಾರಿನs ಇರೋದಿಲ್ಲ. 2025ರ ನವೆಂಬರ್ ಮೊದಲ ವಾರ ಗುರ್ಲಾಪುರ ಕ್ರಾಸ್‌ನಾಗ ರೈತರು ಟನ್ನಿಗೆ 3500 ಬೇಕಂತ ಕೂತ್ರು, ಅಥಣಿ ಚಿಕ್ಕೋಡಿ ಎಲ್ಲ ಕಡೆ ಹಬ್ಬಿತು, 3300ಕ್ಕೆ ಬಂದು ನಿಂತ್ಮ್ಯಾಲ ದಾರಿ ತೆರೀತು. ಆ ವಾರ ಸಿಕ್ಕಿಕೊಂಡ ಒಬ್ಬ ಪ್ರವಾಸಿ ತನ್ನ ಸ್ಟೋರಿಯೊಳಗ ‘ಟ್ರಿಪ್ ಹಾಳಾಯ್ತು’ ಅಂತ ಹಾಕಿದ್ದ. ನಮ್ಮ ಕಡೆ ರೈತರು ದಾರಿ ಮ್ಯಾಲ ಕೂಡೋದು ಹೊಸದಲ್ರಿ. 1981ರಲ್ಲಿ ನಿಪ್ಪಾಣಿಯೊಳಗ ತಂಬಾಕು ರೈತರು ವಾರಗಟ್ಟಲೆ ಹೆದ್ದಾರಿ ಮ್ಯಾಲ ಕೂತಿದ್ರು, ಏಪ್ರಿಲ್ 6ಕ್ಕೆ ಗೋಲಿಬಾರ್ ಆಗಿ ಜೀವ ಹೋದ್ವು. ಹಂಗಾಮು ಅಂದ್ರ ನಮಗೆ ಬರೇ ಹವಾ ಅಲ್ಲ, ದರಾನೂ ಹಂಗಾಮಿನೊಳಗs ಬರತೈತಿ.

ಕಬ್ಬು ಕಡಿಯಾಕ ಬೀಡ ಕಡೆಯಿಂದ, ವಿಜಯಪುರ ಕಡೆಯಿಂದ ಗ್ಯಾಂಗ್ ಬಂದಿರತಾವ. ಹೊಲದ ಬದಿಗೆ ಗುಡಿಸಲು ಹಾಕ್ಕೊಂಡಿರತಾರ. ಸಣ್ಣ ಕೂಸುಗಳು ಕಬ್ಬಿನ ರವದಿ ಮ್ಯಾಲ ಮಲಗಿರತಾವ. ಕ್ಯಾಮೆರಾ ತೆಗೆಯೋ ಮೊದಲು ಕೇಳ್ರಿ. ಬ್ಯಾಡ ಅಂದ್ರ ಬ್ಯಾಡ.

7/9
ಚಿತ್ರ: ಹೊಲದಾಗ ಹಾಸಿದ ಧೋತರ, ಅದರ ಮ್ಯಾಲ ಬುತ್ತಿ. ಯಾರ ಬುತ್ತಿ ಯಾವುದು ಅಂತ ಈಗ ಹೇಳಾಕ ಆಗೋದಿಲ್ಲ.

ಈಗ ಖರೆ ಉತ್ತರ. ನನ್ನ ಕೇಳಿದ್ರ ಎಳ್ಳ ಅಮಾಸಿಯಿಂದ ಭಾರತ ಹುಣ್ಣಿಮಿ ತನಕ. ಇಂಗ್ಲಿಷ್ ಕ್ಯಾಲೆಂಡರ್‌ನಾಗ ಹೇಳ್ರಿ ಅಂದ್ರ ಡಿಸೆಂಬರ್ ಕೊನೆ ಭಾಗದಿಂದ ಫೆಬ್ರುವರಿ ನಡುತನಕ. ತಾರೀಖು ಪ್ರತಿ ವರ್ಷ ಸರಿತೈತಿ. ಎಳ್ಳ ಅಮಾಸಿ 2024ರಲ್ಲಿ ಡಿಸೆಂಬರ್ 30ಕ್ಕ ಇತ್ತು, 2025ರಲ್ಲಿ 19ಕ್ಕ. ಭಾರತ ಹುಣ್ಣಿಮಿ 2025ರಲ್ಲಿ ಫೆಬ್ರುವರಿ 12, 2026ರಲ್ಲಿ ಫೆಬ್ರುವರಿ 1. ಟಿಕೆಟ್ ಮಾಡಿಸೋ ಮೊದಲು ಯಾರದಾದ್ರೂ ಮನಿಯ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ರಿ.

ಎಳ್ಳ ಅಮಾಸಿಗೆ ಅಥಣಿ ಕಡೆ ಬರ್ರಿ. ಆವತ್ತು ಮನಿಯೊಳಗ ಯಾರೂ ಊಟ ಮಾಡೋದಿಲ್ಲ. ಎಲ್ಲರೂ ಹೊಲಕ್ಕ. ಎದೆಮಟ್ಟ ಬೆಳೆದ ಬಿಳಿಜೋಳದಾಗ ಚರಗ ಚೆಲ್ಲಿ, ಬನ್ನಿ ಗಿಡದ ಬುಡಕ್ಕೋ ಬೇವಿನ ಬುಡಕ್ಕೋ ಕೂತು ಊಟ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣಿಗಾಯಿ, ಕಡುಬು, ಶೇಂಗಾ ಹೋಳಿಗಿ, ಹಿಂಡಿ, ಮೊಸರು. ಪರಿಚಯ ಇಲ್ಲದವರನ್ನೂ ಕೈ ಹಿಡಿದು ಕೂಡಸ್ತಾರ. ‘ನಾವು ಪ್ರವಾಸಿಗರು’ ಅಂದ್ರ ‘ಹೌದೇನ್ರಿ, ಇನ್ನೊಂದು ರೊಟ್ಟಿ ಹಾಕ್ರಿ’ ಅಂತಾರ. ಹೋಟೆಲ್ ಎಲ್ಲಿ ಚಲೋ ಐತಿ ಅಂತ ನನಗ ಕೇಳೋವ್ರಿಗೆ ಆವತ್ತಿನ ಮಟ್ಟಿಗೆ ನನ್ನ ಹತ್ರ ಉತ್ತರ ಇಲ್ಲ, ಯಾಕಂದ್ರ ಹೋಟೆಲ್‌ನವರೂ ಹೊಲಕ್ಕ ಹೋಗಿರತಾರ.

ಮುಂದ ಹದಿನೈದು ಇಪ್ಪತ್ತು ದಿನಕ್ಕ ಸೀತನಿ. ಹಾಲುಗಾಳಿನ ಜೋಳದ ತೆನಿ ಕುಳ್ಳಿನ ಬೆಂಕಿಯೊಳಗ ಸುಟ್ಟು, ಅಂಗೈಯೊಳಗ ತಿಕ್ಕಿ, ಬಿಸಿ ಬಿಸಿ ಕಾಳು, ಮ್ಯಾಲ ಬೆಲ್ಲ, ಶೇಂಗಾ ಹಿಂಡಿ. ಆಚಿ ಕಡೆ ಇದಕ್ಕ ಹುರಡಾ ಅಂತಾರ, ಅದಕ್ಕ ಟಿಕೆಟ್ ಇಟ್ಟು ‘ಪಾರ್ಟಿ’ ಮಾಡ್ಯಾರ. ನಮ್ಮ ಕಡೆ ಇನ್ನೂ ಅದು ಪಾರ್ಟಿ ಆಗಿಲ್ಲ. ಹತ್ತು ದಿನ ತಪ್ಪಿದ್ರ ಕಾಳು ಬಲಿತು ಹೋಗತೈತಿ. ಕ್ಯೋಟೊದ ಹೂವಿನಂಗs ಇದು, ಕಾಯೋದಿಲ್ಲ. ಅಲ್ಲಿ ಅದನ್ನ ಬರೆದಿಟ್ಟ ಪುಸ್ತಕ ಅದಾವ. ನಮ್ಮ ಕಡೆ ಯಾವ ವರ್ಷ ಸೀತನಿ ಯಾವಾಗ ಬಂತು ಅಂತ ಬರೆದಿಟ್ಟವರು ಯಾರದಾರ? ನಮ್ಮ ಆಯಿಗೆ ಮಾತ್ರ ನೆನಪೈತಿ: ‘ನಿನ್ನ ಕಾಕಾನ ಲಗ್ನದ ವರ್ಷ ಸಂಕ್ರಾಂತಿಗೇ ಮುಗದು ಹೋಗಿತ್ತು.’

ಹೊಳಿ ಸಾಲಿಗೆ ಬಂದ್ರ ಬೆಲ್ಲದ ಗಾಣ. ಬೆಳಿಗ್ಗೆ ಆರಕ್ಕ ಹೋಗ್ರಿ, ಕೊಪ್ಪರಗಿಯೊಳಗ ಹಾಲು ಕುದಿಯೋವಾಗ ಆ ಉಗಿ, ಹೊಳಿ ಮ್ಯಾಲಿನ ಮಂಜು ಎರಡೂ ಒಂದಾಗಿರತಾವ. ಬಿಸಿ ಕಾಕಂಬಿ ಒಂದು ರೊಟ್ಟಿ ಚೂರಿನ ಮ್ಯಾಲ ಹಾಕಿ ಕೊಡ್ತಾರ. ಯಡೂರ ವೀರಭದ್ರನ ಗುಡಿ ಮುಗಿಸಿಕೊಂಡು ಮುಂದ ಹೋದ್ರ ಗಡಿ ಆಚಿಗೆ ಖಿದ್ರಾಪುರದ ಕೋಪೇಶ್ವರ ಗುಡಿ. ಶಿಲಾಹಾರರ ಕಾಲದ್ದು, 12ನೇ ಶತಮಾನ. ಸ್ವರ್ಗಮಂಟಪಕ್ಕ 48 ಕಂಬ, ನೆತ್ತಿ ಮ್ಯಾಲ ದುಂಡಗ ಬಯಲು. ಅಲ್ಲಿ ಕನ್ನಡ ಶಾಸನಾನೂ ಅದಾವ. ಮಹಾರಾಷ್ಟ್ರದ ಗುಡಿ ಅಂತ ಬಿಡಬ್ಯಾಡ್ರಿ, ಹೊಳಿಗೆ ಗಡಿ ತಿಳಿಯೋದಿಲ್ಲ.

ಇದೇ ಹೊತ್ತಿಗೆ ನಿಪ್ಪಾಣಿ ಕಡೆ ತಂಬಾಕು ಕೊಯ್ಲು. ಈಗ ಕಬ್ಬು, ಸೋಯಾ ಬಂದು ತಂಬಾಕು ಕಡಿಮಿ ಆಗೈತಿ. ಆದ್ರೂ ವಖಾರಿ ಓಣಿಯೊಳಗ ನಡದ್ರ ಸೀನು ಬರೋದು ತಪ್ಪೋದಿಲ್ಲ. ಅದನ್ನ ವಾಸನಿ ಅನ್ರಿ, ಸುವಾಸನಿ ಅಂತ ಮಾತ್ರ ಕ್ಯಾಪ್ಷನ್ ಹಾಕಬ್ಯಾಡ್ರಿ. ಆ ಧೂಳಿನೊಳಗ ಜೀವಮಾನ ಕಳೆದ ಹೆಂಗಸರು ಕೆಮ್ಮಿಕೋತ ನಿಮ್ಮ ಮುಂದs ಹೋಗ್ತಿರತಾರ.

ಭಾರತ ಹುಣ್ಣಿಮಿಗೆ ಚಿಂಚಲಿ ಮಾಯಕ್ಕನ ಜಾತ್ರಿ, ರಾಯಬಾಗ ತಾಲೂಕು. ಕೊಲ್ಹಾಪುರ, ಸಾಂಗಲಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರ್ತಾರ. ಎತ್ತಿನ ಕೊಂಬಿಗೆ ಬಣ್ಣ, ಕೊರಳಾಗ ಗೆಜ್ಜಿ, ಎಲ್ಲರ ಹಣಿ ಮ್ಯಾಲ ಭಂಡಾರ. ರೈಲಿಗೆ ಬರೋದಾದ್ರ ಬೆಳಗಾವಿ–ಮೀರಜ ಲೈನ್‌ನಾಗ ಚಿಂಚಲಿ ಸ್ಟೇಷನ್ನs ಐತಿ. (ಅದೇ ಲೈನಿನ ‘ಚಿಕ್ಕೋಡಿ ರೋಡ್’ ಹೆಸರು ನಂಬಿ ಇಳೀಬ್ಯಾಡ್ರಿ. ಅದು ರೋಡ್ ಅಷ್ಟs, ಚಿಕ್ಕೋಡಿ ಅಲ್ಲಿಂದ ದೂರ ಐತಿ.) ಬಿಳಿ ಅಂಗಿ ಹಾಕ್ಕೊಂಡು ಬಂದ್ರ ಹಳದಿ ಅಂಗಿ ಹಾಕ್ಕೊಂಡು ಹೋಗ್ತೀರಿ.

8/9
ಚಿತ್ರ: ಅದೇ ಯಡೂರ ದಂಡಿ, ಮೇ ತಿಂಗಳು. ಮೊದಲ ಚಿತ್ರದ ಜೊತಿ ಇಟ್ಟು ನೋಡ್ರಿ.

ಮೇ ತಿಂಗಳಾಗ ಬರಬ್ಯಾಡ್ರಿ ಅಂತ ಎಲ್ಲರೂ ಹೇಳ್ತಾರ. ಬಿಸಿಲು 40ರ ಹತ್ರ. ನಾನು ಮಾತ್ರ ಒಂದು ಸಲ ಬಂದು ನೋಡ್ರಿ ಅಂತೀನಿ, ಒಂದೇ ದಿನಕ್ಕ.

ಯಾಕಂದ್ರ 2019ರ ಪೂರದ ಫೋಟೋ ಎಲ್ಲರೂ ನೋಡ್ಯಾರ, ಅದೇ 2019ರ ಮೇ ತಿಂಗಳ ಫೋಟೋ ಯಾರೂ ನೋಡಿಲ್ಲ. ಆ ಬ್ಯಾಸಗಿಯೊಳಗ ಕೃಷ್ಣಾ ಒಣಗಿ ಬಂಡಿಗಲ್ಲು ಎದ್ದಿದ್ವು. ಹೊಳಿ ನಡುವ ಹುಡುಗರು ಕ್ರಿಕೆಟ್ ಆಡ್ತಿದ್ರು. ಕೊಯ್ನಾದಿಂದ ಕುಡಿಯಾಕ ನೀರು ಬಿಡ್ರಿ ಅಂತ ಕರ್ನಾಟಕ ಮಹಾರಾಷ್ಟ್ರಕ್ಕ ಕೇಳ್ತಿತ್ತು, ಅಥಣಿಯೊಳಗ ಜನ ಬೀದಿಗೆ ಇಳಿದಿದ್ರು. ಹನಿ ನೀರು ಬಿಡ್ರಿ ಅಂತ ಕೂಗಿದ ಮೂರೇ ತಿಂಗಳಿಗೆ, ಅದೇ ಕೊಯ್ನಾದ ನೀರು ನಮ್ಮ ಅತ್ತಿಯ ಅಡಗಿಮನಿಗೆ ಬಂತು. ಒಂದೇ ವರ್ಷ, ಒಂದೇ ಹೊಳಿ, ಒಂದೇ ಊರು.

ಆಗಸ್ಟ್‌ನಾಗ ಒಂದು ಫೋಟೋ ತಗೊಂಡು ಹೋದವರಿಗೆ ನಮ್ಮ ಹೊಳಿ ಅಂದ್ರ ‘ರೌದ್ರ’. ಮೇ ತಿಂಗಳಾಗ ಬಂದವರಿಗೆ ನಮ್ಮ ಊರು ಅಂದ್ರ ‘ಬರಗಾಲ’. ಎರಡೂ ಮುಖ ನೋಡಿದವರು ಪೂರಕ್ಕ ಕುಣಿಯೋದಿಲ್ಲ. ಅದಕ್ಕ ಕರೀತೀನಿ. ಬಂದ್ರ ಬೆಳಿಗ್ಗೆ ಬರ್ರಿ, ಟೋಪಿಗಿ ತರ್ರಿ, ಮಧ್ಯಾಹ್ನ ಯಾರ ಮನಿಯ ಬಾಗಿಲೂ ಬಡಿಬ್ಯಾಡ್ರಿ, ಮಲಗಿರತಾರ. ಉತ್ತರದ ಹಳ್ಳಿಯೊಳಗ ಕುಡಿಯಾಕ ನೀರು ಕೇಳಿದ್ರ ಕೊಡ್ತಾರ, ತುಂಬಿದ ತಂಬಿಗಿನs ಕೊಡ್ತಾರ. ಆ ತಂಬಿಗಿ ಟ್ಯಾಂಕರ್‌ನಿಂದ ಬಂದದ್ದು ಅನ್ನೋದು ನೆನಪಿರಲಿ, ಅರ್ಧ ಕುಡಿದು ಅರ್ಧ ಚೆಲ್ಲಬ್ಯಾಡ್ರಿ.

9/9
ಇನ್‌ಬಾಕ್ಸ್‌ನಾಗ ಕೇಳಿದವರಿಗೆ ನಾನು ಅವತ್ತು ಉತ್ತರ ಕೊಟ್ಟಿರಲಿಲ್ಲ, ನೋಡಿ ಬಿಟ್ಟಿದ್ದೆ. ಈಗ ಕೊಡ್ತೀನಿ: ಪೂರಕ್ಕ ಕರೆಕ್ಟ್ ಟೈಮ್ ಇಲ್ರಿ. ನೀವು ಬಂದ್ರ ನಮಗೆ ಖುಷಿ ಆಗೋ ಟೈಮ್ ಐತಿ. ಮ್ಯಾಲ ಬರದೇನಿ.

ಕ್ಯೋಟೊಗೆ ಹೊಂಟ ದೋಸ್ತಗ ಈ ಒಂಬತ್ತೂ ಭಾಗ ಮೊದಲೇ ಕಳಿಸಿದ್ದೆ. ಅವನ ಟಿಕೆಟ್ ಮಾರ್ಚ್ ಕೊನೆ ವಾರಕ್ಕ ಐತಿ. ಅದಕ್ಕಿಂತ ಮೊದಲು ಸೀತನಿಗೆ ಊರಿಗೆ ಬರ್ತೀನಿ ಅಂದಾನ, ಎಂಟು ವರ್ಷದ ಮ್ಯಾಲ. ನಾನು ಅತ್ತಿಗೆ ಫೋನ್ ಮಾಡಿ ಹೇಳಿದೆ, ‘ಗೆಳೆಯ ಬರಾಕತ್ಯಾನ, ಫೋಟೋ ತೆಗಿಯೋ ಹುಚ್ಚು ಐತಿ ಅವಗ.’ ಅತ್ತಿ ಅಂದ್ಳು, ‘ತಗೀಲಿ ತಗೋ. ಈ ಸಲ ಮನಿ ಮುಂದಿಂದ ತಗೀ ಅಂತ ಹೇಳು. ಹೊಸ ಬಾಗಿಲಾ ಕೂಡಿಸೇವಿ.’

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಕೃಷ್ಣಾಹೊಳಿ #ಎಳ್ಳಅಮಾಸಿ #ಸೀತನಿ